ದನಿ ಹೋದ ಮೇಲೆ ಮಡಚಿದ ಹಾಳೆಗಳು

ಗಂಟಲಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಂಡು ಮನೆಗೆ ಬಂದವರು, ಅವರ ಜೊತೆ ಬಾಳುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ರೋಗದ ವಿವರವನ್ನು ವೈದ್ಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅವರು ಹೇಳದೆ ಬಿಟ್ಟದ್ದನ್ನು ಮಾತ್ರ ನಾನು ಹೇಳುತ್ತೇನೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ನಾನು ಬದುಕಿದೆ. ನಾನೂ ನನ್ನ ಹೆಂಡತಿಯೂ ಆಡಿಕೊಂಡು ಬಂದ ಮಾತು ಬದುಕುತ್ತದೆಯೇ ಎಂದು ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಲಿಲ್ಲ.

ನಾನು ಸ್ಟೇಶನ್ ಮಾಸ್ತರನಾಗಿ ನಿವೃತ್ತನಾದವನು. ಮನೆ ಮಹಾರಾಷ್ಟ್ರದ ಗಡಿಯ ಮಿರಜದಲ್ಲಿ. ನೌಕರಿ ಕಲಿಸಿದ ಶಿಸ್ತು ಇನ್ನೂ ಬಿಟ್ಟಿಲ್ಲ. ಎದ್ದ ಕೂಡಲೇ ಹಾಸಿಗೆ ಮಡಚಬೇಕು, ಸ್ನಾನವಾಗದೆ ಚಹಾ ಇಲ್ಲ, ತೆಗೆದ ವಸ್ತು ತೆಗೆದಲ್ಲಿಗೇ ಹೋಗಬೇಕು. ಮಾತಿಗೂ ಅದೇ ನಿಯಮ. ಫೋನಿನಲ್ಲಿ ಮುಂದಿನ ಸ್ಟೇಶನ್ನಿಗೆ ಹೇಳಿದ್ದನ್ನು ಆ ಕಡೆಯವನು ಮರಳಿ ಹೇಳಬೇಕು. ಮರಳಿ ಹೇಳದಿದ್ದರೆ ನಾನು ಹೇಳಿದ್ದು ಲೆಕ್ಕಕ್ಕಿಲ್ಲ.

ಹೆಂಡತಿ ಪಾರ್ವತಿ ಮ್ಹೈಸಾಳದವಳು. ಇಬ್ಬರ ಮನೆಯಲ್ಲೂ ಕನ್ನಡವೇ. ನಾನು ಅಥಣಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಕಲಿತೆ. ಅವಳು ತನ್ನೂರಿನ ಮರಾಠಿ ಶಾಲೆಯಲ್ಲಿ ಕಲಿತಳು. ಕನ್ನಡ ಅಕ್ಷರ ಅವಳಿಗೆ ಬರುವುದಿಲ್ಲ, ಎಂದೂ ಬೇಕಾಗಿರಲಿಲ್ಲ. ಮಗಳು ವಿದ್ಯಾ ಸಾಂಗ್ಲಿಯಲ್ಲಿ ಗಂಡನ ಮನೆಯಲ್ಲಿದ್ದು ಅಲ್ಲಿಯ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಹೀಗಾಗಿ ಎರಡೂ ಕಡೆಯಿಂದ ಕನ್ನಡದಲ್ಲಿ ನಡೆಯುವ ಮಾತು ಮನೆಯಲ್ಲಿ ನಮ್ಮಿಬ್ಬರದು ಮಾತ್ರ.

ದನಿ ಒಡೆಯತೊಡಗಿದಾಗ ಗಂಟಲು ಕಟ್ಟಿದೆ ಎಂದುಕೊಂಡೆವು. ಪಾರ್ವತಿ ಮೆಣಸು ಬೆಲ್ಲದ ಕಷಾಯ ಮಾಡಿದಳು. “ಉಪ್ಪಿನಕಾಯಿ ಬಿಡ್ರಿ ಅಂದ್ರ ಕೇಳೂದಿಲ್ಲ, ಆಮ್ಯಾಲ ಕಷಾಯಕ್ಕ ಬೈತೀರಿ,” ಎಂದಳು. ಉಪ್ಪಿನಕಾಯಿ ಬಿಟ್ಟೆ. ದನಿ ಬರಲಿಲ್ಲ. ಮಾತಿನ ಮಧ್ಯೆ ಉಸಿರು ಸಾಲದೆ ಹೋದಾಗ ಆಸ್ಪತ್ರೆಗೆ ಹೋದೆವು. ಗಂಟಲೊಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂಡಿಸಿಕೊಂಡು, ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಗುತ್ತದೆ, ಮುಂದೆ ಕತ್ತಿನಲ್ಲಿ ಮಾಡಿದ ರಂಧ್ರದಿಂದಲೇ ಉಸಿರಾಟ ಎಂದು ಮೆತ್ತಗೆ ಮರಾಠಿಯಲ್ಲಿ ಹೇಳಿದರು. ಮಾತಾಡಲು ಬರುತ್ತದೆಯೇ ಎಂದು ಪಾರ್ವತಿ ಕೇಳಿದಳು. ಜೀವಕ್ಕೆ ಚಿಂತೆ ಮಾಡಬೇಡಿ ಎಂದರು.

ಹೊರಗೆ ಬಂದ ಮೇಲೆ ಅವಳು ಗೋಡೆಗೆ ಕೈ ಕೊಟ್ಟು ನಿಂತಳು. “ಅವರು ಜೀವದ್ದು ಹೇಳಿದ್ರು. ನಾ ಕೇಳಿದ್ದು ಬ್ಯಾರೇನ,” ಎಂದಳು.

ಆ ವರ್ಷ ಆಸ್ಪತ್ರೆ ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನವಾಗುತ್ತಿತ್ತು. ಹಳೆಯ ಹೆಸರಿನ ಫಲಕದ ಮೇಲೆ ಕಾಗದ ಅಂಟಿಸಿದ್ದರು, ಹೊಸದು ಬಂದಿರಲಿಲ್ಲ. ಕೋಣೆಗಳ ಅಂಕಿ ಬದಲಾಗಿತ್ತು. ರಾಯಬಾಗ, ಜಮಖಂಡಿ ಕಡೆಯಿಂದ ಬುತ್ತಿ ಕಟ್ಟಿಕೊಂಡು ಬಂದ ಜನ ಯಾವ ಬಾಗಿಲ ಮುಂದೆ ಕೂಡಬೇಕೆಂದು ತಿಳಿಯದೆ ಅತ್ತಿತ್ತ ಓಡಾಡುತ್ತಿದ್ದರು. ನನಗೆ ಇದೆಲ್ಲ ಹೊಸದಾಗಿರಲಿಲ್ಲ. ನಮ್ಮ ಸ್ಟೇಶನ್ ಒಂದು ವಿಭಾಗದಿಂದ ಇನ್ನೊಂದಕ್ಕೆ ಸೇರಿದಾಗ ಹಳಿಗಳು ಅಲ್ಲೇ ಇದ್ದವು, ನಾನೂ ಅಲ್ಲೇ ಇದ್ದೆ, ಸಾಹೇಬರ ಊರಷ್ಟೇ ಬದಲಾಗಿತ್ತು. ಇದೂ ಅಷ್ಟೇ ಎಂದುಕೊಂಡೆ. ಒಡಕು ದನಿಯಲ್ಲೇ ಜನರನ್ನು ಕೇಳಿ ಕೇಳಿ ಸಾಲು ಮಾಡಿ ಕೂಡಿಸತೊಡಗಿದೆ.

“ರಿಟಾಯರ್ ಆಗೀರಿ, ಸುಮ್ನ ಕುಂದ್ರಿ. ಇಲ್ಲಿ ಯಾವ ಗಾಡಿ ಬರೂದೈತಿ?” ಎಂದಳು ಪಾರ್ವತಿ.

ನಮ್ಮ ಪಕ್ಕದಲ್ಲಿ ಖಂಡೇರಾಜುರಿ ಹಳ್ಳಿಯ ಕುರಿಗಾರನೊಬ್ಬ ತನ್ನ ಹೆಂಡತಿಯ ಜೊತೆ ಕುಳಿತಿದ್ದ. ಕತ್ತಿಗೆ ಬಿಳಿ ಬಟ್ಟೆ. ನನಗೆ ಆಗಬೇಕಾದದ್ದು ಅವನಿಗೆ ಆಗಿತ್ತು. ಪಾರ್ವತಿ ಅವನ ಹೆಂಡತಿಯ ಕಡೆ ಸರಿದು ಕುಳಿತಳು.

“ಆರಾಮ ಅದಾರೇನ್ರಿ ಈಗ?”

“ಉಣ್ಣತಾರ, ತಿರಗ್ಯಾಡತಾರ. ಕುರಿ ಅಷ್ಟ ಮಾತ ಕೇಳವಲ್ಲವು. ಮೊದಲ ಇವರು ಸೀಟಿ ಹೊಡದ್ರ ಓಡಿ ಬರತಿದ್ವು. ಈಗ ಸೀಟಿಗಿ ಗಾಳಿನ ಬಾಯಿಗಿ ಬರೂದಿಲ್ಲ. ನಾ ಕೂಗತೇನಿ. ನನ್ನ ಕಡೆ ಬರತಾವು, ಬಂದು ಇವರ ಮಾರಿ ನೋಡಕೋತ ನಿಂದರತಾವು.”

ಗಂಡ ಕೈಯಿಂದ ಹೆಂಡತಿಯನ್ನು ತೋರಿಸಿ, ತನ್ನನ್ನು ತೋರಿಸಿಕೊಂಡು, ಎರಡು ಬೆರಳನ್ನು ಓಡುವಂತೆ ಆಡಿಸಿದ. ಇವಳು ಕೂಗಿದರೆ ಕುರಿಗಿಂತ ಮೊದಲು ನಾನೇ ಓಡಿಬರುತ್ತೇನೆ ಎಂದು. ಬಟ್ಟೆಯ ಕೆಳಗಿನಿಂದ ಗಾಳಿ ಬುಸುಗುಟ್ಟಿತು. ಅದು ನಗೆ.

“ನಗತಾರ ನೋಡ್ರಿ,” ಎಂದಳು ಅವಳು. “ಮೊದಲ ಬೈತಿದ್ರು. ಆ ಬೈಗಳನ ಚಲೋ ಇತ್ತು.”

ಮನೆಗೆ ಬಂದ ಕೂಡಲೇ ಪಾರ್ವತಿ ಮಗಳಿಗೆ ಫೋನು ಮಾಡಿದಳು.

ವಿದ್ಯಾ ಬಂದಳು. “ಬಾಬಾ, ತುಮಚಾ ಆವಾಜ ಠೇವೂಯಾ ಕಾ?” ಎಂದಳು, ದನಿಯನ್ನು ಇಟ್ಟುಕೊಳ್ಳೋಣವೇ ಎಂದು. ಮೊಬೈಲಿನಲ್ಲಿ ದನಿ ಮುದ್ರಿಸುವುದನ್ನು ತೋರಿಸಿ ಹೋದಳು. ಒಳ್ಳೆಯ ವಿಚಾರ ಅನಿಸಿತು. ಶಸ್ತ್ರಚಿಕಿತ್ಸೆಗೆ ಉಳಿದಿದ್ದ ಮಧ್ಯಾಹ್ನಗಳಲ್ಲಿ ಮೇಜಿನ ಮುಂದೆ ನೆಟ್ಟಗೆ ಕುಳಿತು ಮುದ್ರಿಸಿದೆ. ಕೀಲಿಕೈ ಎಲ್ಲಿದೆ, ಪಿಂಚಣಿಯ ಕಾಗದ ಎಲ್ಲಿದೆ, ನೀರಿನ ಪಂಪು ಕೆಟ್ಟರೆ ಯಾರನ್ನು ಕರೆಯಬೇಕು, ಮೊಮ್ಮಗಳಿಗೆ ಆಶೀರ್ವಾದ. ಮಗಳು ಮೊಮ್ಮಗಳಿಗಾಗಿ ಮಾಡಿದ್ದು, ಆದ್ದರಿಂದ ಎಲ್ಲವೂ ಮರಾಠಿಯಲ್ಲಿ. ಪಾರ್ವತಿಗಾಗಿ ಒಂದನ್ನೂ ಮಾಡಲಿಲ್ಲ. ಅವಳು ಎದುರಿಗೇ ಕುಳಿತಿದ್ದಳು. ಎದುರಿಗಿದ್ದವರಿಗೆ ಮುದ್ರಿಸಿ ಕೊಡುವುದೇನು?

ಶಸ್ತ್ರಚಿಕಿತ್ಸೆಯ ದಿನ ಒಳಗೆ ಕರೆದೊಯ್ಯುವಾಗ ಅವಳು ನನ್ನನ್ನು ಮಲಗಿಸಿದ ಗಾಡಿಯ ಪಕ್ಕದಲ್ಲೇ ನಡೆದು ಬಂದಳು. ಏನಾದರೂ ಹೇಳಬೇಕು ಎಂದು ಇಬ್ಬರಿಗೂ ಗೊತ್ತಿತ್ತು. “ಚಪ್ಪಲ ಒಳಗಿಡು, ಯಾರರೇ ಒಯ್ದಾರು,” ಎಂದೆ. ನಾನು ಆಡಿದ ಕೊನೆಯ ಮಾತು ಅದು.

ಎಚ್ಚರವಾದ ಮೇಲಿನ ದಿನಗಳನ್ನು ಬೆಳೆಸುವುದಿಲ್ಲ. ಕತ್ತಿನಿಂದ ಕೆಮ್ಮುವುದನ್ನು ಕಲಿತೆ. ನುಂಗುವುದನ್ನು ಮತ್ತೆ ಕಲಿತೆ. ವಾಸನೆ ಬಹುತೇಕ ಹೋಯಿತು, ಸಾರಿಗೆ ಒಗ್ಗರಣೆ ಬಿದ್ದದ್ದು ಶಬ್ದದಿಂದ ತಿಳಿಯುತ್ತಿತ್ತು. ಬರೆದು ಒರೆಸುವ ಒಂದು ಪಾಟಿಯನ್ನು ಎದೆಯ ಮೇಲೆ ತೂಗುಹಾಕಿಕೊಂಡೆ. ಪಾರ್ವತಿ ಓದಬೇಕಾದ್ದರಿಂದ ಅದರ ಮೇಲೆ ಮರಾಠಿಯಲ್ಲಿ ನೀರು, ಬಿಸಿ, ಸಾಕು ಎಂದು ಬರೆಯುತ್ತಿದ್ದೆ. ಕತ್ತಿಗೆ ಒತ್ತಿ ಹಿಡಿದರೆ ಗುಂಯ್ಗುಡುವ ಯಂತ್ರವೊಂದನ್ನು ಆಸ್ಪತ್ರೆಯವರು ತೋರಿಸಿದರು. ಅದನ್ನು ಹಿಡಿದು ಪಾರೂ ಎಂದೆ. ಅವಳು ಕಿವಿ ಮುಚ್ಚಿಕೊಂಡಳು.

“ಬ್ಯಾಡ್ರಿ. ಮಿಕ್ಸರದಾಗ ಯಾರೋ ಸಿಕ್ಕೊಂಡಂಗ ಆಗತೈತಿ.”

ನಕ್ಕೆವು. ಆಮೇಲೆ ಅವಳು ನಳದ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಇನ್ನೊಂದು ದಾರಿಯಿತ್ತು. ಗಾಳಿಯನ್ನು ನುಂಗಿ ತೇಗಿನಂತೆ ಹೊರಬಿಟ್ಟು ಮಾತಾಡುವುದನ್ನು ಕಲಿಸುವ ತರಬೇತುದಾರರೊಬ್ಬರು ಆಸ್ಪತ್ರೆಯಲ್ಲಿದ್ದರು. ಕಾ ಬಂತು, ಪಾ ಬಂತು. ಪಾರ್ವತಿ ಪಕ್ಕದಲ್ಲಿ ಕುಳಿತು ತಾನೂ ಬಾಯಿ ಆಡಿಸುತ್ತಿದ್ದಳು. ಒಂದು ವಾರ ನಾವು ಹೋದಾಗ ಆ ಕೋಣೆಯಲ್ಲಿ ಬೇರೆ ಮೇಜುಗಳಿದ್ದವು.

“ಅವರನ್ನ ಪುಣೆಕ್ಕ ಹಾಕ್ಯಾರಿ ಮಾಸ್ತರ. ಹೊಸಾ ಪದ್ಧತಿಯೊಳಗ ಇಲ್ಲಿ ಆ ವಿಭಾಗ ಇಲ್ಲ,” ಎಂದ ಗುಮಾಸ್ತ. ಅವನೂ ತನ್ನ ವರ್ಗಾವಣೆಯ ಆದೇಶಕ್ಕಾಗಿ ಕಾಯುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿ ಉಪಯೋಗವಿರಲಿಲ್ಲ. ಬಟ್ಟೆ ಕಟ್ಟಿದ ಕತ್ತಿನಲ್ಲಿ ಪುಣೆಯವರೆಗೆ ಮೇಲಿಂದ ಮೇಲೆ ಓಡಾಡುವುದು ಆಗದ ಮಾತು. ಮನೆಯಲ್ಲೇ ಪ್ರಯತ್ನಿಸಿದೆವು. ಹೊಟ್ಟೆ ಉಬ್ಬರಿಸಿತೇ ಹೊರತು ಪಾ ಮುಂದೆ ರೂ ಬರಲಿಲ್ಲ. ಹಳಿ ಅಲ್ಲೇ ಇರುತ್ತದೆ ಎಂದುಕೊಂಡಿದ್ದೆ. ಈ ಸಲ ಹಳಿಯೇ ಹೋಗಿತ್ತು.

ಗುಮಾಸ್ತ ಹಾಗೆ ಹೇಳಿದ ದಿನವೇ ವಾರ್ಡಿನ ಸಿಸ್ಟರ್ ಒಂದು ಕಟ್ಟು ಕಾಗದ ಹೊತ್ತು ತಂದರು. ಗದಗಿನ ಕಡೆಯವರು. “ಹಳೇ ಹೆಸರಿಂದು, ಒಂದ ಮಗ್ಗಲ ಖಾಲಿ ಅದಾವು. ರದ್ದಿಗೆ ಹೊಂಟಾವು. ನಿಮ್ಮ ಪಾಟಿ ಒರಸೂದರೇ ತಪ್ಪೀತು, ಒಯ್ರಿ,” ಎಂದರು. ಒಳ್ಳೆಯ ದಪ್ಪ ಕಾಗದ. ತಂದು ಅಂಚು ಕೂಡಿಸಿ ಮೇಜಿನ ಮೇಲೆ ಇಟ್ಟೆ.

ಭಾನುವಾರ ಬಂದ ವಿದ್ಯಾ ಅದರಲ್ಲಿ ಒಂದು ಹಾಳೆ ಎಳೆದಳು. ಉದ್ದಕ್ಕೆ ಮಡಚಿದಳು, ಅಡ್ಡಕ್ಕೆ ಮಡಚಿದಳು, ನಡುವೆ ಒಂದೇ ಕಡೆ ಕತ್ತರಿಸಿ ಒತ್ತಿದಳು. ಅಂಟಿಲ್ಲ, ಹೊಲಿಗೆಯಿಲ್ಲ, ಅಂಗೈಯಗಲದ ಎಂಟು ಪುಟದ ಪುಸ್ತಕವಾಯಿತು. ಆಸ್ಪತ್ರೆಯ ಹೆಸರು ಒಳಮಡಿಕೆಯಲ್ಲಿ ಮುಚ್ಚಿಹೋಯಿತು. ಇದನ್ನು ಝೀನ್ ಅನ್ನುತ್ತಾರೆ, ನಮ್ಮ ಶಾಲೆಯ ಹುಡುಗಿಯರು ಮಾಡುತ್ತಾರೆ, ಮನಸ್ಸಿಗೆ ಬಂದದ್ದನ್ನು ಬರೆಯಬೇಕು, ಚಿತ್ರ ಅಂಕುಡೊಂಕಾದರೂ ನಡೆಯುತ್ತದೆ, ಯಾರೂ ತಿದ್ದುವುದಿಲ್ಲ ಎಂದಳು. ಯಾರೂ ತಿದ್ದದ ಕಾಗದವನ್ನು ನಾನು ನಂಬುವವನಲ್ಲ. ಆದರೂ ಅಳತೆಪಟ್ಟಿ ಹಿಡಿದು ಗೆರೆ ಎಳೆದೆ. ಮನೆಯ ದಿನಚರಿಯನ್ನು ಹೊತ್ತಿಗೆ ತಕ್ಕಂತೆ ಎಂಟು ಪುಟಕ್ಕೆ ಹಂಚಿ ಮರಾಠಿಯಲ್ಲಿ ಬರೆದೆ.

ಪಾರ್ವತಿ ತಿರುವಿ ನೋಡಿದಳು. “ಇದರಾಗ ನಾ ಯಾವ ಪ್ಲಾಟ್‌ಫಾರ್ಮ್ ಮ್ಯಾಲ ಬರತೇನಿ?”

ಎರಡನೆಯದರಲ್ಲಿ ಅವಳಿಗೆಂದು ನಮ್ಮ ಮದುವೆಯ ದಿನದ ಒಂದು ಸಂಗತಿಯನ್ನು ಮರಾಠಿಯಲ್ಲೇ ಬರೆದೆ. ಅವಳು ಓದಿದಳು. ಮುಚ್ಚಿ ಮೇಜಿನ ಮೇಲಿಟ್ಟಳು.

“ಚಲೋ ಬರದೀರಿ. ಆದ್ರ ಯಾರೋ ಆಫೀಸಿನವರು ಮನೀಗಿ ಬಂದಂಗಾತ್ರಿ. ಕುರ್ಚಿ ಹಾಕಬೇಕನಸ್ತು.”

ಹಾಗಾಗಿ ಮೂರನೆಯದನ್ನು ಮರಾಠಿ ಅಕ್ಷರದಲ್ಲಿ ಕನ್ನಡ ಮಾತಾಗಿ ಬರೆದೆ. ಗ್ರಂಥದ ಕನ್ನಡವಲ್ಲ, ನಾವು ಆಡುವುದು. ಹೆಸರು ‘ಚಹಾದ ತಕರಾರು’. ಕಪ್ಪಿನಡಿಯ ಒಂದು ಬಸಿ ಬಿಡಿಸಿದೆ, ಅದು ಹಡಗಿನಂತೆ ಕಂಡಿತು. ಸಕ್ಕರೆ ಕಮ್ಮಿಯಾದದ್ದರಿಂದ ಹಿಡಿದು ಬಸಿಯ ಅಂಚು ಒಡೆದದ್ದರವರೆಗೆ ಎಲ್ಲ ಬೈದೆ. ಪಾರ್ವತಿ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿದಳು. ಎರಡನೇ ಪುಟಕ್ಕೆ ಬಂದಾಗ ಓಟ ಹತ್ತಿತು. ಜೋರಾಗಿ ಓದಿದಳು. ನನ್ನ ಮಾತು ಅವಳ ಬಾಯಿಂದ ಮನೆಯೊಳಗೆ ಬಂತು. ಬೈಗುಳ ತನಗೇ ಎಂಬುದನ್ನು ಮರೆತು ಓದಿದಳು. ಮುಗಿದ ಮೇಲೆ ನೆನಪಾಯಿತು.

“ಅಯ್ಯ ಇವರ! ಮೂಕಾಗಿ ಬೈತಾರಲ್ಲವಾ!” ಎಂದು ಪುಸ್ತಕದಿಂದ ನನ್ನ ತೋಳಿಗೆ ಬಡಿದಳು.

ಆಮೇಲೆ ನಿತ್ಯ ಮಧ್ಯಾಹ್ನ ಊಟವಾದ ಮೇಲೆ ಅದೇ ಕೆಲಸ. ಸಿತಾರ ಮಾಡುವವರ ಓಣಿಯಲ್ಲಿ ಒಣಗಲು ಇಟ್ಟ ಸೋರೆಬುರುಡೆಗಳನ್ನು ಕಂಡು ಅವಳು ಮೊದಲ ಸಲ ಏನು ಅಡಿಗೆ ಮಾಡಬಹುದೆಂದು ಕೇಳಿದ್ದು. ಅವಳಪ್ಪನ ಎತ್ತು ಕಬ್ಬಿನ ಹೊಲದಲ್ಲಿ ನನ್ನನ್ನು ಅಟ್ಟಿಸಿಕೊಂಡು ಬಂದದ್ದು. ಎದುರು ಮನೆಯವರ ಟೊಮೆಟೊ ಗಿಡ ನಮ್ಮ ಗೋಡೆ ದಾಟಿದ್ದು ತಪ್ಪೋ ಸರಿಯೋ. ಯಾವುದೂ ಅವಶ್ಯದ ಮಾತಲ್ಲ. ಅವಶ್ಯದ ಮಾತಿಗೆ ಪಾಟಿ ಸಾಕು. ಬೇಕಿಲ್ಲದ ಮಾತುಗಳ ಮೇಲೆಯೇ ನಮ್ಮ ಸಂಸಾರ ನಡೆದಿತ್ತು ಎಂದು ನನಗೆ ತಿಳಿದದ್ದು ಕೈಯಲ್ಲಿ ಕತ್ತರಿ ಹಿಡಿದ ಮೇಲೆ. ಪಟ್ಟಿ ಬಿಟ್ಟೆ. ಗೆರೆ ಇಲ್ಲದೆ ಬರೆದೆ. ನನ್ನ ಎತ್ತು ಕತ್ತೆಯಂತೆ ಬಂದರೂ ಹಾಗೇ ಬಿಟ್ಟೆ. ಮುಖಪುಟಕ್ಕೆ ಹಳೆಯ ಸೀರೆಯ ಅಂಚು, ಔಷಧದ ಪೆಟ್ಟಿಗೆಯ ಬಣ್ಣದ ರಟ್ಟು ಅಂಟಿಸಿದೆ.

ಪಾರ್ವತಿ ಓದುತ್ತ ತಿದ್ದುತ್ತಿದ್ದಳು. “ಪಾರೂ ಬಾ ಇಲ್ಲೆ ಅಂತ ಬರದೀರಿ. ದನಿ ಇದ್ದಾಗ ನೀವು ಎಂದ ಹೆಸರ ಹಿಡದು ಕರದೀರಿ? ಏ, ಕೇಳಿಲ್ಲೆ ಅಂತಿದ್ರಿ.” ಹೌದು. ನಾನು ಹೇಗೆ ಮಾತಾಡುತ್ತಿದ್ದೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ರೈಲ್ವೆಯ ನಿಯಮದಂತೆ ಅವಳು ಮರಳಿ ಹೇಳುತ್ತಿದ್ದಳು, ನನಗೆ ಮುಟ್ಟಿತು ಎಂಬ ಸಮಾಧಾನವಾಗುತ್ತಿತ್ತು. ದನಿ ಹೋಯಿತು, ಮಾತು ಉಳಿಯಿತು ಎಂದು ನಂಬಿದೆ. ಚಳಿಗಾಲ ಕಳೆಯುವವರೆಗೆ ಆ ನಂಬಿಕೆಯಲ್ಲಿ ನೆಮ್ಮದಿಯಾಗಿದ್ದೆ.

ಒಂದು ಮಧ್ಯಾಹ್ನ ಅವಳು ಓದುವುದನ್ನು ನಡುವೆ ನಿಲ್ಲಿಸಿದಳು. ಪುಟದ ಮೇಲೆ ‘ಹೌದೇನ’ ಎಂದಷ್ಟೇ ಬರೆದಿದ್ದೆ. ನನಗೆ ನಂಬಿಕೆಯಾಗದಿದ್ದಾಗ ಎಳೆದು ಅನ್ನುತ್ತಿದ್ದ ಮಾತು.

“ಇದನ್ನ ಹೆಂಗ ಅಂತಿದ್ರಿ?”

ನಾನು ಬೆರಳಿನಿಂದ ಅದೇ ಅಕ್ಷರ ತೋರಿಸಿದೆ.

“ಬರದದ್ದು ಕಾಣತೈತ್ರಿ. ಹೆಂಗ ಕೇಳಸ್ತಿತ್ತು ಅದನ್ನ ಕೇಳಾಕತ್ತೇನಿ. ನಾ ಓದಿ ಓದಿ ನನ್ನ ದನಿನ ಕೇಳಸ್ತೈತಿ. ನಿಮ್ಮದು ಬರವಲ್ತು.”

ರೋಗ ಗೊತ್ತಾದಂದಿನಿಂದ ನನ್ನೆದುರು ಅಳದಿದ್ದವಳು ಅಂದು ಅತ್ತಳು. ಆಮೇಲೆ ಮೊಬೈಲು ತಂದು ಕೊಟ್ಟು ಮುದ್ರಿಸಿದ್ದನ್ನು ಹಚ್ಚಿರಿ ಎಂದಳು. ಹಚ್ಚಿದೆ. ಕೀಲಿಕೈ, ಪಿಂಚಣಿ, ನೀರಿನ ಪಂಪು. ಒಡಕಾದರೂ ಸ್ಪಷ್ಟವಾದ ಮರಾಠಿ. ಅವಳು ಕಣ್ಣು ಮುಚ್ಚಿ ಕೇಳಿದಳು. ತಲೆಯಾಡಿಸಿದಳು.

“ಇದು ಟೇಶನ್ನಿಂದು. ಮನೀದಲ್ಲ.” ಮತ್ತೆ ಕೇಳಿದಳು, “ನೀವು ಇದನ್ನ ಮಾಡೂ ಮುಂದ ನಾ ಬೆಳ್ಳೊಳ್ಳಿ ಸುಲಕೋತ ಕುಂತಿದ್ದೆ. ನಡಕ ನಡಕ ನನ್ನ ಬೈದಿದ್ರಲ್ಲ, ಅದು ಇರತೈತೇನ ಇದರಾಗ?”

ಇರಲಿಲ್ಲ. ಬೈದದ್ದು ನಿಜ. ತಾಟಿನ ಸಪ್ಪಳವಾದಾಗ ಸುಮ್ನ ಕುಂದರವಾ ಎಂದಿದ್ದೆ. ಅವಳು ಏನೋ ಎದುರಾಡಿದ್ದಳು, ನಾನೂ ಏನೋ ಅಂದಿದ್ದೆ, ಇಬ್ಬರೂ ನಕ್ಕಿದ್ದೆವು. ಅದೆಲ್ಲ ಮುದ್ರಣವಾಗಿತ್ತು. ಕನ್ನಡ ನುಸುಳಿದ ಪ್ರತಿಯೊಂದನ್ನೂ ಕೆಟ್ಟಿತೆಂದು ಅಳಿಸಿ, ಸ್ವಚ್ಛವಾಗಿ ಹೊಸದು ಮಾಡಿದ್ದೆ. ಸ್ವಚ್ಛವಾಗಿ ಉಳಿದದ್ದು ಕೀಲಿಕೈ. ಪಾಟಿಯ ಮೇಲೆ ಇಲ್ಲ ಎಂದು ಬರೆದು ತೋರಿಸಿದೆ. ಅವಳು ಮೊಬೈಲಿನ ಗಾಜನ್ನು ಸೆರಗಿನಿಂದ ಒರೆಸಿ ತೆಗೆದಲ್ಲೇ ಇಟ್ಟು ಬಂದಳು.

ಈ ಬರಹ ಓದುತ್ತಿರುವವರಲ್ಲಿ ಶಸ್ತ್ರಚಿಕಿತ್ಸೆ ಮುಂದಿರುವವರಿದ್ದರೆ ನನ್ನದು ಒಂದೇ ವಿನಂತಿ. ಕುಳಿತು ಭಾಷಣ ಮಾಡಬೇಡಿ. ಅಡಿಗೆಮನೆಯಲ್ಲಿ ದನಿ ಮುದ್ರಿಸಲು ಮೊಬೈಲು ಹಚ್ಚಿಟ್ಟು ನಿಮ್ಮ ಪಾಡಿಗೆ ನೀವು ಜಗಳಾಡಿ. ಪಾತ್ರೆಯ ಸಪ್ಪಳ ಇರಲಿ. ಏನನ್ನೂ ಅಳಿಸಬೇಡಿ.

ಅದಾದ ಮೇಲೆ ನಾನು ಪುಸ್ತಕ ಮಾಡುವುದನ್ನು ನಿಲ್ಲಿಸಿದೆ. ಹಾಳೆಯ ಕಟ್ಟು ಮೇಜಿನ ಮೇಲೆ ಹಾಗೇ ಇತ್ತು. ಪಾಟಿಯ ಮೇಲೆ ನೀರು, ಸಾಕು ಎಂದು ಬರೆದುಕೊಂಡು ದಿನ ಕಳೆದೆವು. ಬೇಸಿಗೆ ಹತ್ತಿತು.

ನಾನು ಡಾಕ್ಟರ ಹತ್ತಿರ ಹೋಗಿ ಮಧ್ಯಾಹ್ನ ತಿರುಗಿ ಬಂದ ದಿನ ಪಾರ್ವತಿ ಮೇಜಿನ ಮುಂದೆ ನನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಕೆಳಗೆ ಹರಿದ ಹಾಳೆಗಳು ಬಿದ್ದಿದ್ದವು. ಮಡಿಕೆ ತಪ್ಪಿ ತಪ್ಪಿ ಕೊನೆಗೆ ಒಂದು ಕೂಡಿತ್ತು. ಅಂಚು ಸರಿಯಿರಲಿಲ್ಲ. ಆಸ್ಪತ್ರೆಯ ಹಳೆಯ ಹೆಸರು ಅರ್ಧ ಹೊರಗೆ ಕಾಣುತ್ತಿತ್ತು.

“ನಗಬ್ಯಾಡ್ರಿ ಮತ್ತ,” ಎಂದು ಕೈಗೆ ಕೊಟ್ಟಳು.

ಶಾಲೆ ಬಿಟ್ಟ ಮೇಲೆ ಸಹಿ ಬಿಟ್ಟರೆ ಏನನ್ನೂ ಬರೆಯದ ಕೈ. ದಪ್ಪ ಮರಾಠಿ ಅಕ್ಷರದಲ್ಲಿ ಪುಟಕ್ಕೊಂದೇ ಮಾತು ಬರೆದಿದ್ದಳು. ಎಲ್ಲವೂ ನಾನು ಅವಳಿಗೆ ಅನ್ನುತ್ತಿದ್ದವು. ಛತ್ರಿ ತಗೊಂಡ್ಯೇನ. ಎಷ್ಟೊತ್ತ ಮಾಡತೀ. ನಿಮ್ಮ ತವರಮನಿಯವರೆಲ್ಲ ಹಂಗ. ಉಂಡಿಯೇನ ನೀ. ಉಪ್ಪ ಆಗೇತಿ. ಎಣ್ಣಿ ಹಚ್ಚಕೋ ಕಾಲಿಗಿ, ನಾಳಿ ನರಳತೀ. ಯಾರ ಬಂದಾರ ನೋಡ. ಒಂದರಲ್ಲೂ ಒಳ್ಳೆಯ ಮಾತಿರಲಿಲ್ಲ. ಒಂದನ್ನೂ ನಾನು ಆಡಿದ್ದಿಲ್ಲ ಅನ್ನುವಂತಿರಲಿಲ್ಲ. ಒಂದೊಂದರ ಕೆಳಗೂ ಒಂದು ಸಣ್ಣ ಗುಂಡಗಿನ ಮುಖ, ಅದಕ್ಕೆ ಮೀಸೆ.

ಕೊನೆಯ ಪುಟದಲ್ಲಿ ಮುಖ ಇತ್ತು, ಮೀಸೆ ಇತ್ತು, ಮಾತಿರಲಿಲ್ಲ. ಯಾಕೆ ಎಂದು ಹುಬ್ಬೇರಿಸಿದೆ.

“ಅದೊಂದು ನೆನಪಾಗವಲ್ತರಿ,” ಎಂದಳು. “ದೀಪಾ ಆರಿಸಿ ಮಲಗೂ ಮುಂದ ಗ್ವಾಡಿ ಕಡೆ ಹೊಳ್ಳಿ ಏನೋ ಒಂದ ಅಂತಿದ್ರಿ. ದಿನಾ ಅಂತಿದ್ರಿ. ನಾ ಹೂಂ ಅಂತಿದ್ದೆ. ಹೂಂ ಅಂದದ್ದು ನೆನಪೈತಿ. ಏನದು? ನೀವ ಬರೀರಿ.”

ಪೆನ್ನು ಕೊಟ್ಟಳು. ನಾನು ಕುರ್ಚಿಯಲ್ಲಿ ಕುಳಿತೆ. ಅವಳು ಮೇಜಿಗೆ ಕೈಯೂರಿ ನಿಂತಳು. ದೀಪದ ಗುಂಡಿ, ಗೋಡೆ, ಹೊದಿಕೆ ಎಲ್ಲ ನೆನಪಾದವು. ಅಷ್ಟು ವರ್ಷ ತಪ್ಪದೆ ಆಡಿದ ಆ ಒಂದು ಮಾತು ನನಗೂ ನೆನಪಾಗಲಿಲ್ಲ. ಅವಳು ಕಾದಳು. ನಾನು ತಲೆಯೆತ್ತಿ ನೋಡಿದಾಗ ಅವಳಿಗೆ ತಿಳಿಯಿತು.

“ಇರಲಿ ಬಿಡ್ರಿ,” ಎಂದಳು. ಕೆಳಗೆ ಬಿದ್ದ ಹಾಳೆಗಳನ್ನು ಆರಿಸಿಕೊಂಡು ಒಳಗೆ ಹೋದಳು.

ಆ ಪುಟ ಇನ್ನೂ ಖಾಲಿ ಇದೆ. ಚೆಂದದ ಮಾತೊಂದನ್ನು ಬರೆದುಬಿಡಬಹುದಿತ್ತು. ನಾನು ಅಂಥದ್ದನ್ನು ಆಡುವವನಾಗಿರಲಿಲ್ಲ ಎಂಬುದು ಅವಳಿಗೆ ಗೊತ್ತು.